ತಂತಿಯಾಚೆಯ ಅವ್ವ

ಮೊನ್ನೆ ಒಂದು ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತವರು ಕಡ್ಡಿಪುಡಿ ಡಬ್ಬಿ ತೆರೆದರು. ಆ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದದ್ದೇ ತಡ, ಮಂಡ್ಯದ ಅಕ್ಕಿ ಮಿಲ್ಲಿನ ಕರಿ ಫೋನು ಕಣ್ಮುಂದೆ ಬಂತು. ಕಡ್ಡಿಪುಡಿಗೂ ಫೋನಿಗೂ ಏನು ಸಂಬಂಧ ಅನ್ನಬೇಡಿ...

ಯುದ್ಧ ನಡೆಯುತ್ತಿದ್ದ ಕಾಲ. ಪೂರಿಗಾಲಿಯಿಂದ ಬಂದ ನಾನು ಆ ಮಿಲ್ಲಿನಲ್ಲಿ ಗುಮಾಸ್ತ. ವಾಸ, ಅಡುಗೆ ಎಲ್ಲ ಅಲ್ಲೇ ಹಿಂದಿನ ಕೋಣೆಯಲ್ಲಿ. ಪೇಟೆಯಲ್ಲಿದ್ದ ಯಜಮಾನರ ಮನೆಗೂ ಮಿಲ್ಲಿಗೂ ನಡುವೆ ಒಂದು ಫೋನಿನ ತಂತಿ. ಈ ಕಡೆ ಹಿಡಿ ತಿರುಗಿಸಿದರೆ ಆ ಕಡೆ ಗಂಟೆ ಹೊಡೆಯುತ್ತಿತ್ತು. ಯಜಮಾನರ ತಾಯಿಗೆ ಎರಡೂ ಕಣ್ಣು ಹೋಗಿದ್ದವು. ಗಂಡಸರು ವ್ಯಾಪಾರಕ್ಕೆ, ಸೊಸೆಯರು ಒಲೆ ಮುಂದೆ. ನಡುಮನೆಯಲ್ಲಿ ಫೋನಿನ ಪಕ್ಕ ಅವರೊಬ್ಬರೇ. ಒಂದು ಮಧ್ಯಾಹ್ನ ಕೈಗೆ ಸಿಕ್ಕ ಹಿಡಿಯನ್ನು ತಿರುಗಿಸಿಯೇಬಿಟ್ಟರು.

"ಯಾರ್ಲಾ ಅದು?"

"ಗುಮಾಸ್ತ ಕಣವ್ವ."

"ಉಂಡ್ಯಾ? ಏನ್ ಸಾರು?"

ಅವತ್ತಿನಿಂದ ಅದೇ ರೂಢಿಯಾಯಿತು. ಯಜಮಾನರು ಬೈಯುತ್ತಾರೆ ಅಂದುಕೊಂಡಿದ್ದೆ. "ಏನಾರ ಮಾತಾಡಪ್ಪ, ಅವ್ವಂಗೆ ಒತ್ತೋಗಾಕಿಲ್ಲ" ಅಂದರು. ನನಗೆ ಮಾತ್ರ ಹೊತ್ತು ಹೋಗುತ್ತಿತ್ತೇ? ಭತ್ತದ ಗಾಡಿಗಳ ಸಾಲು, ಎತ್ತಿನ ಬಣ್ಣ, ಮಳವಳ್ಳಿ ಬಸ್ಸಿನ ಮೇಲೆ ಕಟ್ಟಿದ ಕೋಳಿ ಮಂಕರಿ... ಕಂಡದ್ದನ್ನೆಲ್ಲ ಹೇಳುತ್ತಿದ್ದೆ. ಅವರು ಎಲೆ ಅಗಿಯುತ್ತಾ "ಊಂ" ಅನ್ನುವರು. ಮಾತಾಡಿಸಲು ಬಂದವರನ್ನು ಬರಿಗೈಲಿ ಕಳಿಸಬಾರದಲ್ಲ, ಮಾತು ಮುಗಿಸಿ ಫೋನಿನ ಮುಂದೆ ನನಗೂ ಎಲೆ ಅಡಿಕೆ, ಕಡ್ಡಿಪುಡಿ ಇಡುತ್ತಿದ್ದರು! ಮರುದಿನ ಅದು ಯಜಮಾನರ ಜೇಬಿನಲ್ಲಿ ಮಿಲ್ಲಿಗೆ ಬರುತ್ತಿತ್ತು. ನಾನು ಎಲೆ ಹಾಕುವವನೇ ಅಲ್ಲ, ಆದರೂ ಬಾಯಿ ಕೆಂಪು ಮಾಡಿಕೊಂಡೆ. ಊರು ಬಿಟ್ಟ ಮೇಲೆ ನನ್ನನ್ನು ಉಂಡೆಯಾ ಎಂದು ಕೇಳಿದವರು ಅವರೊಬ್ಬರೇ.

ಒಂದು ದಿನ ಗಂಟೆ ಹೊಡೆಯಲಿಲ್ಲ. ಮಾರನೆಯ ದಿನವೂ... ಅವ್ವ ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದರು, ಎತ್ತಿ ಕೂರಿಸುವಂತೆಯೂ ಇರಲಿಲ್ಲ. ನನ್ನನ್ನೇ ಕೇಳುತ್ತಿದ್ದಾರೆಂದು ಯಜಮಾನರು ಮನೆಗೆ ಕರೆದುಕೊಂಡು ಹೋದರು. ಆ ಮುಖವನ್ನು ನೋಡಿದ್ದು ಅದೇ ಮೊದಲು. ಮಂಚದ ಪಕ್ಕ ಕೂತು ಕೈ ಹಿಡಿದು, "ನಾನು ಕಣವ್ವ, ಗುಮಾಸ್ತ. ಬಂದಿವ್ನಿ" ಅಂದೆ.

ಅವ್ವ ಅಲ್ಲವೆಂದು ತಲೆಯಾಡಿಸಿದರು. ತಂತಿಯಲ್ಲಿ ಸಣ್ಣಗೆ, ಮೂಗಿನಿಂದ ಬಂದಂತೆ ಕೇಳುತ್ತಿದ್ದ ದನಿಯಷ್ಟೇ ಅವರಿಗೆ ಗೊತ್ತಿದ್ದದ್ದು.

"ನೀ ಅಲ್ಲ ಕಣಪ್ಪ. ನಮ್ ಉಡ್ಗನ ದನಿ ಇಂಗಿಲ್ಲ. ಅವ್ನು ಮಿಲ್ಲಲ್ಲವ್ನೆ... ಉಂಡ್ನೋ ಇಲ್ವೋ."

ಕೈ ಬಿಡಿಸಿಕೊಂಡರು. ಅಯ್ಯೋ, ಮಗ ಹೇಳಿದರೂ ನಂಬಲಿಲ್ಲ.

ಮಿಲ್ಲಿಗೆ ಓಡಿ ಬಂದು ಹಿಡಿ ತಿರುಗಿಸಿದೆ. ಸೊಸೆಯೊಬ್ಬರು ಎತ್ತಿಕೊಂಡರು. ರಿಸೀವರನ್ನು ಅದರ ವೈರು ಎಟುಕುವಷ್ಟು ದೂರ ಒಳಕೋಣೆಯತ್ತ ಚಾಚಿ ಹಿಡಿಯಿರಿ ತಾಯಿ ಎಂದು ಬೇಡಿಕೊಂಡೆ. "ಉಂಡೆ ಕಣವ್ವಾ, ಅವರೆಕಾಳು ಸಾರು!" ಎಂದು ಗಂಟಲು ಹರಿಯುವಂತೆ ಕೂಗಿದೆ. ಮತ್ತೆ ಮತ್ತೆ ಕೂಗಿದೆ. ಕೊನೆಗೆ ಸೊಸೆಯೇ ಮಾತಾಡಿದರು.

"ಮಂಚದ್ ತಾವ್ಕೆ ಕೇಳಾಕಿಲ್ಲ ಕಣಪ್ಪ... ಬುಡು."

ಅವತ್ತು ಸಂಜೆಯೇ ಅವ್ವ ಹೋಗಿಬಿಟ್ಟರು.

ಮಿಲ್ಲಿದ್ದ ಜಾಗದಲ್ಲಿ ಈಗ ಪೆಟ್ರೋಲ್ ಬಂಕಿದೆ. ಯಜಮಾನರೂ ಇಲ್ಲ, ಆ ಸೊಸೆಯೂ ಇಲ್ಲ. ವಯಸ್ಸಾದವರು ಹೋಗುವುದು ಇದ್ದದ್ದೇ, ಅದಕ್ಕೆ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ನಾನು ಮಗ್ಗುಲಲ್ಲೇ ಕೂತಿದ್ದೆ, ಅವರು ನನಗಾಗಿ ಕಾಯುತ್ತಲೇ ಹೋದರು...