ಉರುಮೆಯ ಮೇಲೆ ಹಾಕಿದ ತಪ್ಪು

ಪೆರಿಯಾರ್ ಹೊಳೆಯ ನೀರು ಬೆಟ್ಟ ದಾಟಿ ನಮ್ಮ ಕಣಿವೆಗೆ ಇಳಿದ ಮರುವರ್ಷ ಉರುಮೆ ಎಂಬ ಚರ್ಮವಾದ್ಯ ನನ್ನ ಹೆಗಲಿಗೆ ಬರುವುದಿತ್ತು. ಪೊಂಗಲಿನ ಮಾರನೆಯ ದಿನ ಕುಲದ ದನಗಳ ಮುಂದೆ ಅದನ್ನು ಬಾರಿಸುವ ಹಕ್ಕು ನಮ್ಮ ಮನೆಯದು. ಅಪ್ಪನ ಕೈ ನಡುಗತೊಡಗಿತ್ತು, ಆ ಸಲ ನಾನೇ. ಕಟ್ಟಳೆ ಇದು: ಪೊಂಗಲಿಗೆ ಮುಂಚಿನ ಮಾರ್ಗಳಿ ತಿಂಗಳಿಡೀ ಉರುಮೆಯಿರುವ ಮನೆಯಲ್ಲಿ ಯಾರ ಮೈಮೇಲೂ ಹಸಿಗಾಯ ಇರಬಾರದು. ಇದ್ದರೆ ಉರುಮೆ ಎದುರು ಬೀದಿಯ ಮನೆತನಕ್ಕೆ ಹೋಗುತ್ತದೆ, ಹೋದದ್ದು ಮರಳುವುದಿಲ್ಲ.

ದಿಂಡಿಗಲ್ಲಿನಲ್ಲಿ ಹದ ಮಾಡಿದ ಚರ್ಮ ಚಪ್ಪಲಿಗೆ ಸರಿ, ನಾದಕ್ಕೆ ಆಗದು. ಹಸಿ ಮೇಕೆ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಹೆರೆದು, ಉರುಮೆಗೆ ನಾನೇ ಬಿಗಿದೆ. ವಾರವಿಡೀ ಮಂಜು. ಮನೆಯೆಲ್ಲ ಕೊಳೆತ ವಾಸನೆ ಹಬ್ಬಿತು.

"ತೋಲು ನಾರ್ತದೆ ಕಣ್ಣು," ಎಂದಳು ಅವ್ವ ಮುದ್ದಿನಿಂದ, ಚರ್ಮ ತೋರಿಸಿ. "ನಲ್ಲಾ ಬಿಸ್ಲಗೆ ಇಕ್ಕು."

ಇಕ್ಕಿದೆ. ಒಳಮೈಗೆ ಅಂಟಿದ್ದ ಮಾಂಸದ ಪೊರೆಯನ್ನು ಬೂದಿ ಹಾಕಿ ಉಜ್ಜಿದೆ, ಬೇವಿನ ಹೊಗೆ ಕೊಟ್ಟೆ, ಚಿನ್ನಮನೂರಿನ ಸಂತೆಯಿಂದ ಸಾಂಬ್ರಾಣಿ ತಂದು ಸುಟ್ಟೆ. ಜಪ್ಪಯ್ಯ ಎಂದರೂ ಹೋಗಲಿಲ್ಲ. ಒಂದು ಚರ್ಮ ಪಳಗಿಸಲಾರದ ನನ್ನ ಕೈಗಳನ್ನು ನಾನೇ ಬೈದುಕೊಂಡೆ.

ಒಂದು ಬೆಳಿಗ್ಗೆ ಅವ್ವ ಕಾಲುವೆಗೆ ಹೋದಳು. ಉರುಮೆ ಗೂಟದಲ್ಲೇ ಇತ್ತು, ಮನೆಯಲ್ಲಿ ವಾಸನೆ ಇರಲಿಲ್ಲ. ಅವಳು ಬಂದಳು, ಅದೂ ಬಂತು. ಸೀರೆಯ ಅಂಚು ತುಸು ಸರಿದಾಗ ಹಿಮ್ಮಡಿಗೆ ಸುತ್ತಿದ್ದ ಅರಿಸಿನದ ಬಟ್ಟೆ ಕಂಡಿತು. ಹೊಲದಲ್ಲಿ ಜೋಳದ ಕೂಳೆ ಚುಚ್ಚಿತ್ತಂತೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಪೊಂಗಲ್ ಆಗ್ಲಿ. ನಿಮ್ಮಪ್ಪಗೆ ಹೇಳ್ಬ್ಯಾಡ."

ಹೇಳಲಿಲ್ಲ. ಅವಳ ಮಾತಿಗೆ ಕಟ್ಟುಬಿದ್ದು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಸುಳ್ಳು ಹೇಳಿಕೊಂಡಿದ್ದೇನೆ. ನನಗೆ ಉರುಮೆ ಬೇಕಿತ್ತು, ಅಷ್ಟೇ. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಅಪ್ಪನ ಕಣ್ಣೆದುರೇ ಅದಕ್ಕೆ ಬೇವಿನ ಹೊಗೆ ಕೊಟ್ಟೆ.

ಪೊಂಗಲಿಗೆ ನಾಲ್ಕು ದಿನ ಇರುವಾಗ ಅವ್ವ ತೀರಿಕೊಂಡಳು. ಕಾಲು ಮೊಣಕಾಲಿನವರೆಗೆ ಕಪ್ಪಾಗಿತ್ತು.

ಸೂತಕದ ಮನೆಯಲ್ಲಿ ಉರುಮೆ ಇರುವಂತಿಲ್ಲ. ಎದುರು ಬೀದಿಯ ಹಿರಿಯರು ಬಂದು, ನೀರು ಚಿಮುಕಿಸಿ, ಅದನ್ನು ಎತ್ತಿಕೊಂಡರು. ಚರ್ಮದ ಹತ್ತಿರ ಮೂಗು ತಂದರು.

"ಹೊಸಾ ತೋಲು, ಎಳ್ಳಷ್ಟೂ ನಾತ ಇಲ್ಲೆ," ಎಂದರು ನನಗೆ. "ನಲ್ಲಾ ಪಳಗ್ಸಿದ್ದೀಯ."

ಅವರು ಹೋದ ಮೇಲೆ, ಗೋಡೆಗೆ ಒರಗಿದ್ದ ಅಪ್ಪ ತಲೆಯೆತ್ತಿದ.

"ಮತ್ತೆ ಅಷ್ಟ್ ದಿನ ಹೊಗೆ ಯಾತಕ್ಕೆ ಹಾಕ್ದೆ?" ಎಂದು ಕೇಳಿದ.