ಮಾವ ಕತೆ ಕಟ್ಟಿದ ಫೋಟೋ

ನನ್ನ ಗಂಡನ ಅಪ್ಪನಿಗೆ ಹಳೇ ಸಾಮಾನಿನ ಅಂಗಡಿಯಿತ್ತು. ಗಡಿಯಾರ, ದೀಪ, ಕಾಲು ಮುರಿದ ಕುರ್ಚಿ ಏನೇ ಇದ್ದರೂ ನಮ್ಮ ಹೊಟ್ಟೆ ಹೊರೆಯುತ್ತಿದ್ದದ್ದು ಗೋಡೆ ತುಂಬ ತೂಗುಹಾಕಿದ್ದ ಹಳೆಯ ಫೋಟೋಗಳು. ಯಾರದೋ ಅಜ್ಜಿ, ಯಾರದೋ ತಾತ. ಮನೆ ಖಾಲಿ ಮಾಡುವವರು ಪೀಡೆ ಕಳೆಯಿತು ಎಂದು ಕೊಟ್ಟುಹೋದದ್ದನ್ನು ಹೋಟೆಲಿನವರು, ಹೊಸಮನೆ ಕಟ್ಟಿಸಿದವರು ಕೇಳಿದ ಬೆಲೆ ಕೊಟ್ಟು ಒಯ್ಯುತ್ತಿದ್ದರು. ನಡುವೆ ಕೆಲಸ ಮಾಡುತ್ತಿದ್ದದ್ದು ಮಾವನ ನಾಲಗೆ.

ಅದಕ್ಕೂ ಒಂದು ಪದ್ಧತಿ. ಫೋಟೋದಲ್ಲಿ ಏನು ಕಾಣುವುದಿಲ್ಲವೋ ಅಲ್ಲಿಂದ ಕತೆ ಶುರು. "ಕಾಣೋದು ಗಿರಾಕಿಗೂ ಕಾಣತ್ತೆ. ಕಾಣದ್ದನ್ನ ನಾನು ಕೊಡ್ಬೇಕು" ಎನ್ನುತ್ತಿದ್ದರು. "ಇವರ ಬಾಯಿಗೆ ಬೀಗ ಬಿದ್ರೆ ಅಂಗಡಿಗೂ ಬಿದ್ದ ಹಾಗೇ" ಎಂದು ಅತ್ತೆ ನಗುತ್ತಿದ್ದರು. ನನಗೆ ಮಾತ್ರ ಮೈ ಉರಿಯುತ್ತಿತ್ತು. ಚೌಕಟ್ಟು ಒರೆಸುವವಳು ನಾನು. ದಿನವಿಡೀ ಆ ಮುಖಗಳ ಜೊತೆ ಇರುವವಳಿಗೆ ಅವರ ಮೇಲಿನ ಸುಳ್ಳು ಕೇಳುವುದು ಕಷ್ಟ.

ಒಂದು ಮಧ್ಯಾಹ್ನ ಹೋಟೆಲಿನವರೊಬ್ಬರಿಗೆ ಮಾವ ಬಾಗಿಲ ಪಕ್ಕದ ಫೋಟೋ ತೋರಿಸುತ್ತಿದ್ದರು. ಕುರ್ಚಿಯಲ್ಲಿ ಹೆಂಗಸು, ಮಡಿಲಲ್ಲಿ ಗಂಡು ಕೂಸು, ಪಕ್ಕದಲ್ಲೊಬ್ಬಳು ಪುಟ್ಟ ಹುಡುಗಿ. ಹೆಂಗಸಿನ ಒಂದೇ ಪಾದ ಕಾಣುತ್ತಿತ್ತು. ಮಾವ ಅಲ್ಲಿಂದಲೇ ಹಿಡಿದರು.

"ಗಂಡನ ಕಾಟ ತಾಳಲಾರದೆ ಕೂಸನ್ನ ಎತ್ಕೊಂಡು ಹಿಂದಿನ ಬಾಗಿಲಿಂದ ಹೊರಟೋದ್ಳು ಸ್ವಾಮಿ. ಒಂದೇ ಕಾಲಲ್ಲಿ ಚಪ್ಪಲಿ. ಇನ್ನೊಂದು..."

"ನೀರಿನ ತೊಟ್ಟಿ ಹಿಂದೆ ಬಿದ್ದಿತ್ತು."

ಬಾಗಿಲಲ್ಲಿ ವಯಸ್ಸಾದ ಹೆಂಗಸೊಬ್ಬರು ನಿಂತಿದ್ದರು. "ಆ ಹುಡುಗಿ ನಾನೇ. ಚಪ್ಪಲಿ ಸಿಕ್ಕಿದ್ದು ನನಗೆ. ಯಾರಿಗೂ ಹೇಳದೆ ಬಚ್ಚಿಟ್ಟಿದ್ದೆ. ನಿಮಗೆ ಹೇಗೆ ಗೊತ್ತಾಯ್ತು?"

ಹೋಟೆಲಿನವರು ಮೆಲ್ಲನೆ ಜಾಗ ಖಾಲಿ ಮಾಡಿದರು. ಮಾವನ ಮುಖ ಬಿಳಿಚಿಕೊಂಡಿತ್ತು.

"ಅಮ್ಮ ಇಷ್ಟೊತ್ತಿಗೆ ತೀರಿಹೋಗಿರ್ತಾಳೆ. ನನ್ನ ತಮ್ಮ ಏನಾದ, ಅಷ್ಟು ಹೇಳಿ. ಜೀವಮಾನವೆಲ್ಲ ಹುಡುಕಿದೀನಿ."

"ಮಾವ, ನಿಜ ಹೇಳ್ಬಿಡಿ" ಎಂದು ನಾನು ಪಿಸುಗುಟ್ಟಿದೆ. ಹೇಳುವವರೇ ಇದ್ದರು. ಆದರೆ ಕೂಸಿನ ಎಡಗೈ ತಾಯಿಯ ಬಟ್ಟೆಯಲ್ಲಿ ಮರೆಯಾಗಿತ್ತು. ಮಾವನ ಕಣ್ಣು ಅಲ್ಲಿ ನಿಂತಿತು.

"ಬದುಕಿದಾನೆ ತಾಯಿ. ಹೊಳೆ ಆಚೆ ಗಾಜಿನ ಕಾರ್ಖಾನೇಲಿ ಕೆಲಸ. ಎಡಗೈ ಕಿರುಬೆರಳಿಲ್ಲ, ಅದೇ ಗುರುತು."

ಅವರು ಫೋಟೋ ಎದೆಗವಚಿಕೊಂಡು ಹೋದರು. ನಾನು ಮಾವನ ಮೇಲೆ ಹರಿಹಾಯ್ದೆ. "ಇಲ್ಲದ ಆಸೆ ಹುಟ್ಟಿಸಿದ್ರಲ್ಲ, ನಿಮಗೇನು ಕರುಳಿಲ್ವಾ?"

"ಬರಿಗೈಲಿ ಕಳಿಸೋಕೆ ಮನಸ್ಸಾಗಲಿಲ್ಲಮ್ಮ." ಗೋಡೆಯ ಖಾಲಿ ಜಾಗ ನೋಡುತ್ತ, "ಆ ಚಪ್ಪಲಿ ಕತೆ ನಾನೇ ಕಟ್ಟಿದ್ದಲ್ವಾ?" ಎಂದು ಕೇಳಿದರು. ಅವರು ಅಷ್ಟು ಹೆದರಿದ್ದನ್ನು ನಾನು ನೋಡಿರಲಿಲ್ಲ.

ಕೆಲವು ವಾರಗಳಾದ ಮೇಲೆ ಅದೇ ಹೆಂಗಸು ಒಬ್ಬರ ಕೈ ಹಿಡಿದುಕೊಂಡು ಬಂದರು. ಫೋಟೋದ ತಾಯಿಯ ಮೂಗೇ ಆ ಮನುಷ್ಯನದೂ. "ಸಿಕ್ಕಿದ! ನೀವು ಹೇಳಿದ ಕಡೆಯೇ! ಇವತ್ತು ಮೊದಲನೇ ಸಲ ಅಕ್ಕನ ಮನೆಗೆ ಬಂದಿದಾನೆ."

ತಮ್ಮ ನಗಲಿಲ್ಲ. ಎಡಗೈ ಚಾಚಿದರು. ಕಿರುಬೆರಳಿನ ಜಾಗದಲ್ಲಿ ಗಾಯ ಇನ್ನೂ ಕೆಂಪಗಿತ್ತು.

"ಅಕ್ಕ ನಿಮ್ಮ ಹತ್ರ ಬಂದ ಮಧ್ಯಾಹ್ನ ಈ ಬೆರಳಿತ್ತು. ಅವತ್ತೇ ಸಂಜೆ ಯಂತ್ರಕ್ಕೆ ಸಿಕ್ತು."

"ಹೋಗ್ಲಿ ಬಿಡೋ, ನೀನು ಸಿಕ್ಯಲ್ಲ" ಎಂದು ಅಕ್ಕ ಅವರ ಬೆನ್ನು ಸವರಿದರು.

ಆ ಮನುಷ್ಯ ಮಾವನ ಹತ್ತಿರ ಬಂದು ದನಿ ತಗ್ಗಿಸಿದರು. "ಯಜಮಾನ್ರೇ, ನನ್ನ ಬಗ್ಗೆ ಇನ್ನೇನು ಹೇಳಿದೀರಿ? ಬೇರೆ ಯಾರಿಗಾದ್ರೂ?"

ಆ ಫೋಟೋ ವರ್ಷಗಟ್ಟಲೆ ನಮ್ಮ ಗೋಡೆಯ ಮೇಲಿತ್ತು. ಗಿರಾಕಿಯ ಮುಖ ನೋಡಿ ಮಾವ ಕತೆ ತಿರುಗಿಸುತ್ತಿದ್ದರು. ಕಣ್ಣೀರು ಬೇಗ ಬರುವವರ ಮುಂದೆ ಆ ಕೂಸು ದೊಡ್ಡದಾಗಿ, ಅಕ್ಕನನ್ನು ಕಂಡು ಮರಳುವಾಗ ದೋಣಿ ಮಗುಚಿ ಸಾಯುತ್ತಿತ್ತು. ನಾನೇ ಎಷ್ಟೋ ಸಲ ಕೇಳಿದ್ದೆ.

"ಇಲ್ಲಪ್ಪ, ಇನ್ನೇನೂ ಹೇಳಿಲ್ಲ" ಎಂದರು ಮಾವ.

"ನಡಿ, ದೋಣಿಗೆ ಹೊತ್ತಾಯ್ತು" ಎಂದರು ಅಕ್ಕ.

ಮಾವ ತಟ್ಟನೆ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತರು. "ಇವತ್ತು ಹೋಗ್ಬೇಡಿ."

"ಯಾಕೆ?"

ಮಾವ ಬಾಯಿ ತೆರೆದರು. ಜೀವಮಾನವೆಲ್ಲ ಕತೆ ಹೇಳಿ ಬದುಕಿದ ಮನುಷ್ಯನಿಗೆ ಒಂದು ನೆಪವೂ ಹೊಳೆಯಲಿಲ್ಲ.