ಲಂಕಾ ಸುಟ್ಟ ದೇವರ ಹೆಸರು

ಗಜೇಂದ್ರಗಡದಲ್ಲಿ ಸೀರೆ ನೇಯುವ ವೀರವ್ವ ಗಂಡನ ಹೆಸರು ಹೇಳಿದ್ದು ಮದುವೆಯ ದಿನ ಒಮ್ಮೆ ಮಾತ್ರ, ಅದೂ ಒಡಪಿನ ಪ್ರಾಸದ ಸಾಲಿನೊಳಗೆ. ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂದು ಅತ್ತೆ ಹೆದರಿಸಿದ್ದಳು.

ಗಂಡ ತೀರಿ ಮೂರು ವರ್ಷಕ್ಕೆ, ೧೯೫೪ರಲ್ಲಿ, ಮಗಳು ಅನ್ನವ್ವ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದಳು. ತಂದೆಯಿಲ್ಲದ ಹುಡುಗಿಯರ ಶಿಕ್ಷಕಿ ತರಬೇತಿಗೆ ರೋಣದ ವ್ಯಾಪಾರಿಯೊಬ್ಬರ ಧರ್ಮನಿಧಿ ಖರ್ಚು ಕೊಡುತ್ತದೆಂದು ಮಾಸ್ತರರು ಶಾಲೆಯ ದಾಖಲೆ ಬರೆದುಕೊಟ್ಟರು. ಅರ್ಜಿಗೆ ಮರುದಿನವೇ ಕಡೆ. ಮಗಳು ಮಗ್ಗದ ಮೇಲಿನ ಸೀರೆ ಮುಗಿಸಬೇಕಿತ್ತು. ವೀರವ್ವ ಒಬ್ಬಳೇ ಬಸ್ಸು ಹತ್ತಿದಳು.

"ನಿಮ್ಮ ಯಜಮಾನರ ಹೆಸರೇನ್ರಿ?" ಎಂದು ಧರ್ಮನಿಧಿ ಕಚೇರಿಯ ಗುಮಾಸ್ತ, ದಾಖಲೆ ಬಿಚ್ಚಿ ನೋಡದೆ ಅರ್ಜಿ ತುಂಬುತ್ತ ಕೇಳಿದ.

ವೀರವ್ವ ಬಾಯಿಗೆ ಸೆರಗು ಹಿಡಿದಳು. "ಲಂಕಾ ಸುಟ್ಟ ದೇವರ ಹೆಸರ್ರೀ."

ಗುಮಾಸ್ತ ನಕ್ಕು ಬರೆದುಕೊಂಡ. ಓದು ಬಾರದ ವೀರವ್ವ ಹೆಬ್ಬೆಟ್ಟು ಒತ್ತಿ, ಕೆಲಸ ಆಯಿತೆಂದು ಹಗುರಾಗಿ ಊರಿಗೆ ಬಂದಳು.

ತಿಂಗಳ ಮೇಲೆ ಅರ್ಜಿ ತಿರುಗಿ ಬಂತು. ಅನ್ನವ್ವ ಓದಿ ಹೇಳಿದಳು: "ಅವ್ವಾ, ಸಾಲಿ ದಾಖಲೆಯೊಳಗ ಅಪ್ಪನ ಹೆಸರು ಹನುಮಂತಪ್ಪ ಅಂತ ಐತಿ. ಅರ್ಜಿಯೊಳಗ ಮಾರುತೆಪ್ಪ ಅಂತ ಬರದಾರ. ಎರಡೂ ಹೊಂದಲಿಲ್ಲಂತ."

ಆ ವರ್ಷದ ಗಡುವು ಮುಗಿದಿತ್ತು, ಮರುವರ್ಷಕ್ಕೆ ಅನ್ನವ್ವನ ವಯಸ್ಸು ಮೀರಿತ್ತು. ಅವಳು ಮತ್ತೆ ಮಗ್ಗಕ್ಕೆ ಕೂತಳು. ಸತ್ತವನ ಯಾವ ಆಯುಷ್ಯ ಉಳಿಸಲು ಹೋಗಿದ್ದೆನೆಂದು ವೀರವ್ವ ತನ್ನನ್ನೇ ಬೈದುಕೊಂಡಳು.

ಆಮೇಲಿನ ವರ್ಷಗಳಲ್ಲಿ ಮದುವೆ ಮನೆಯಲ್ಲಿ ಹೊಸ ಸೊಸೆ ಗಂಡನ ಹೆಸರು ಹೇಳಲು ನಾಚಿದರೆ ಹೆಂಗಸರೆಲ್ಲ ನಗುತ್ತಿದ್ದರು. ಹಿಂದೆ ಗೋಡೆಗೆ ಒರಗಿ ನಿಂತ ವೀರವ್ವ ಮಾತ್ರ ಸಿಡುಕುತ್ತಿದ್ದಳು.

"ಬಾಯಿ ಬಿಟ್ಟು ಹೇಳವಾ. ಮುಂದ ಒಂದಿನ ಬೇಕಾಗತೈತಿ."